ಕೊಟ್ಟವರಿಗೂ ಲೆಕ್ಕ, ಪಡೆದವರಿಗೂ ಲೆಕ್ಕ

ಪ್ರಶ್ನೆ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹಳೆಯ ವಿದ್ಯಾರ್ಥಿಗಳ ಸಂಘ, ಯುವಕ ಮಂಡಲ ಮತ್ತು ಮಹಿಳಾ ಸಂಘ ಬೇರೆ ಬೇರೆಯಾಗಿ ನೆರವು ಕೊಡುತ್ತಿವೆ. ಮೂರನ್ನೂ ಕೂಡಿಸಿ ಒಂದು ಆ್ಯಪ್ ಮಾಡಿಸೋಣ, ನಲವತ್ತು ಸಾವಿರ ಖರ್ಚಾಗುತ್ತದೆ ಎಂದು ತರುಣರು ಹೇಳುತ್ತಿದ್ದಾರೆ. ನಮ್ಮಂಥ ಹಳಬರಿಗೆ ರಸೀದಿ ಪುಸ್ತಕವೇ ಸಾಕೆನಿಸುತ್ತದೆ. ತಮ್ಮ ಅಭಿಪ್ರಾಯವೇನು?
– ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ

ಉತ್ತರ: ಗುರುಗಳೇ, ಆ ನಲವತ್ತು ಸಾವಿರವನ್ನು ಸದ್ಯಕ್ಕೆ ಶಾಲೆಯ ಗ್ರಂಥಾಲಯಕ್ಕೆ ಎತ್ತಿಡಿ. ನಿಮ್ಮೂರಿಗೆ ಮೊದಲು ಬೇಕಾಗಿರುವುದು ಮೂರೂ ಸಂಘಗಳವರು ತೆರೆದು ನೋಡಬಹುದಾದ ಒಂದೇ ಪಟ್ಟಿ; ಅದಕ್ಕೆ ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುವ ಗೂಗಲ್ ಶೀಟ್ ಧಾರಾಳವಾಗಿ ಸಾಕು.

2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಬೆಳಗಾವಿ ಜಿಲ್ಲೆಯ ಒಂದು ಪರಿಹಾರ ಕೇಂದ್ರಕ್ಕೆ ನಾನು ಹೋಗಿದ್ದೆ. ಶಾಲೆಯ ಜಗಲಿಯ ಮೇಲೆ ಎದೆಯೆತ್ತರಕ್ಕೆ ಹಳೆಯ ಬಟ್ಟೆಯ ರಾಶಿ ತೊಯ್ದು ಮುಗ್ಗಲು ಹಿಡಿದಿತ್ತು. ಬಿಸ್ಕತ್ತಿನ ಪೆಟ್ಟಿಗೆಗಳನ್ನು ಹೊತ್ತ ಮೂರನೆಯ ಗಾಡಿ ಗೇಟಿನ ಹೊರಗೆ ಕಾಯುತ್ತಿತ್ತು. ಒಳಗೆ ಬಾಣಂತಿಯೊಬ್ಬಳು ಹಾಲಿನ ಪುಡಿಗಾಗಿ ಬೆಳಗಿನಿಂದ ಕೇಳುತ್ತಲೇ ಇದ್ದಳು. ಕೊಡುವ ಮನಸ್ಸಿಗೆ ಅಲ್ಲಿ ಬರವಿರಲಿಲ್ಲ. ಯಾರು ಏನು ತಂದಿದ್ದಾರೆ, ಇನ್ನೂ ಏನು ಬೇಕು ಎಂದು ಬರೆದಿಟ್ಟ ಒಂದು ಹಾಳೆ ಯಾರ ಕೈಯಲ್ಲೂ ಇರಲಿಲ್ಲ.

ಕೂಡಿ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಅವರಲ್ಲಿದ್ದುದು ದುಡಿಮೆ ಮಾತ್ರ. ಹಣ ಮತ್ತು ಆಸ್ತಿ ಬಂದದ್ದು ದಾನಿಗಳಿಂದ. ನಮ್ಮ ಕಾಲದ ಉದಾಹರಣೆ ಬೇಕೆಂದರೆ, 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಬಡಿಸುವುದರಿಂದ ಆರಂಭವಾದ ಅಕ್ಷಯ ಪಾತ್ರ ಮುಂದೆ ಲಕ್ಷಾಂತರ ಮಕ್ಕಳನ್ನು ಮುಟ್ಟಲು ಸಾಧ್ಯವಾದದ್ದು, ಸರ್ಕಾರದ ಧಾನ್ಯ ಹಾಗೂ ಅನುದಾನ, ದಾನಿಗಳ ಹಣ ಮತ್ತು ಒಂದೇ ಕಡೆ ಸಾವಿರಾರು ಊಟ ಬೇಯಿಸುವ ಯಂತ್ರಸಜ್ಜಿತ ಅಡುಗೆಮನೆ, ಈ ಮೂರೂ ಒಂದುಗೂಡಿದ್ದರಿಂದ. ನಿಮ್ಮ ಶಾಲೆಯ ಮಕ್ಕಳ ಪಠ್ಯಪುಸ್ತಕದಲ್ಲಿ ಕಪ್ಪು ಬಿಳುಪು ಚೌಕವೊಂದು ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ದೀಕ್ಷಾ’ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ. ಆ ವೇದಿಕೆಗೆ ತಳಹದಿಯಾದ ‘ಸನ್‌ಬರ್ಡ್’ ತಂತ್ರಾಂಶವನ್ನು ರೂಪಿಸಿದ್ದು ನಂದನ್ ಮತ್ತು ರೋಹಿಣಿ ನಿಲೇಕಣಿ ಅವರು ಸಹಸ್ಥಾಪಕರಾಗಿರುವ, ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ. ದಾನದ ಹಣದಿಂದ ತಯಾರಾದದ್ದನ್ನು ಬೀಗ ಹಾಕಿಡದೆ ಯಾರು ಬೇಕಾದರೂ ಬಳಸಲು ಮುಕ್ತವಾಗಿ ಬಿಟ್ಟದ್ದು ನನಗೆ ಬಹಳ ಹಿಡಿಸಿತು. ಟ್ಯೂಬ್‌ಲೈಟಿನ ಬೆಳಕೇ ಕಾಣದಷ್ಟು ದಪ್ಪಕ್ಷರದಲ್ಲಿ ದಾನಿಯ ಹೆಸರು ಬರೆಸುವ ನಮ್ಮ ರೂಢಿಗೆ ಹೋಲಿಸಿದರೆ ಇದು ದೊಡ್ಡ ನಡಿಗೆ.

ನಿಮ್ಮ ಪಟ್ಟಿಯಲ್ಲಿ ಶಾಲೆಗೆ ಬೇಕಾದದ್ದೇನು, ಒಪ್ಪಿಕೊಂಡವರು ಯಾರು, ಬಂದ ಮೊತ್ತವೆಷ್ಟು, ರಸೀದಿ ಅಥವಾ ಯುಪಿಐ ವಹಿವಾಟಿನ ಸಂಖ್ಯೆ ಯಾವುದು ಎಂಬುದಿರಲಿ. ಜೊತೆಗೆ ಅಂಗಡಿಯ ಬಿಲ್ಲಿನ ಫೋಟೊ ಸೇರಲಿ. ಬೇಕಾದದ್ದನ್ನು ಬರೆಯುವ ಹಕ್ಕು ದಾನಿಗಳಿಗಲ್ಲ, ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ (ಎಸ್‌ಡಿಎಂಸಿ) ಇರಬೇಕು. ನೆರವು ಪಡೆಯುವ ಮಕ್ಕಳ ಹೆಸರು, ಫೋಟೊ ಮಾತ್ರ ಖಂಡಿತ ಬೇಡ. ಕ್ಯೂಆರ್ ಕೋಡ್ ನೋಂದಾಯಿತ ಸಂಘದ ಜಂಟಿ ಸಹಿಯ ಖಾತೆಗೆ ಸೇರಿದ್ದಾಗಿರಲಿ. ಅಧ್ಯಕ್ಷರು ಎಷ್ಟೇ ಸತ್ಯವಂತರಾಗಿದ್ದರೂ ಅವರ ಸ್ವಂತ ಖಾತೆಗೆ ಹಣ ಬರುವುದು ತರವಲ್ಲ. ರಸೀದಿ ಪುಸ್ತಕವನ್ನು ನೀವು ಬಿಡಬೇಕಾಗಿಯೂ ಇಲ್ಲ, ನಗದು ಕೊಡುವವರು ಊರಿನಲ್ಲಿ ಇದ್ದೇ ಇರುತ್ತಾರೆ. ಎರಡು ವರ್ಷ ಈ ಪಟ್ಟಿ ತಪ್ಪದೆ ನಡೆದುಬಂದ ಮೇಲೆ ಆ್ಯಪಿನ ಮಾತು ಆಡೋಣ.

ಪ್ರಶ್ನೆ: ಮಗುವಿನ ಚಿಕಿತ್ಸೆಗೆ ನೆರವು ಕೋರುವ ವಾಟ್ಸ್ಆ್ಯಪ್ ಸಂದೇಶಗಳು ದಿನವೂ ಬರುತ್ತವೆ. ನಂಬುವುದು ಹೇಗೆ?
– ಗೃಹಿಣಿ, ಮೈಸೂರು

ಉತ್ತರ: ಸಂದೇಶದಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ನೀವೇ ಹುಡುಕಿ ವಿಚಾರಿಸಿ, ಸಾಧ್ಯವಾದರೆ ಆಸ್ಪತ್ರೆಯ ಖಾತೆಗೇ ನೇರವಾಗಿ ಕಟ್ಟಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಒತ್ತುವ ಮೊದಲೇ ಹಣ ಪಡೆಯುವವರ ಹೆಸರು ಪರದೆಯ ಮೇಲೆ ಕಾಣುತ್ತದೆ. ಅದು ಸಂದೇಶದಲ್ಲಿರುವ ಹೆಸರಿಗೆ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಮಸ್ಕತ್‌ನಲ್ಲಿರುವ ನಾವು ಕೆಲವು ಕನ್ನಡಿಗರು ತವರಿನ ಒಂದು ನೋಂದಾಯಿತ ಸಂಘಕ್ಕೆ ಹಣ ಕಳಿಸಲು ಬಯಸಿದ್ದೇವೆ. ನಮ್ಮಲ್ಲೊಬ್ಬರು ಬ್ರಿಟನ್ ಪೌರರಾಗಿದ್ದು, ಅವರ ಬಳಿ ಒಸಿಐ (ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ) ಕಾರ್ಡಿದೆ. ಎಲ್ಲರ ಹಣವನ್ನೂ ಒಟ್ಟುಮಾಡಿ ಕಳಿಸಬಹುದೇ?
– ಓದುಗರು, ಮಸ್ಕತ್

ಉತ್ತರ: ಒಟ್ಟುಮಾಡಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣವನ್ನು ವಿದೇಶಿ ದೇಣಿಗೆ ಎಂದು ಕಾನೂನು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು, ಒಸಿಐ ಕಾರ್ಡಿದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು, ಹಣವೂ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ನೋಂದಣಿ ಇರುವ ಇನ್ನೊಂದು ಸಂಸ್ಥೆಗೆ ಕಳಿಸಿ ಅಲ್ಲಿಂದ ವರ್ಗಾಯಿಸುವ ಹಳೆಯ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ. ದುರುಪಯೋಗ ತಡೆಯುವುದು ಅದರ ಉದ್ದೇಶವಾದರೂ, ದೊಡ್ಡ ಸಂಸ್ಥೆಗಳ ಕೈಹಿಡಿದು ಬೆಳೆಯಬೇಕಾದ ಸಣ್ಣ ಸಂಘಗಳಿಗೆ ಅದರಿಂದ ಪೆಟ್ಟು ಬಿದ್ದಿದೆ ಎಂಬುದು ನನ್ನ ಅನಿಸಿಕೆ.

ನಿಮ್ಮ ಬ್ರಿಟನ್ ಗೆಳೆಯರು ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯೊಂದಕ್ಕೆ ಪ್ರತ್ಯೇಕವಾಗಿ ಕೊಡಲಿ. ಉಳಿದವರು ಒಬ್ಬೊಬ್ಬರಾಗಿ ತಮ್ಮ ಖಾತೆಯಿಂದಲೇ ಕಳಿಸಿ, ಪಾಸ್‌ಪೋರ್ಟಿನ ಪ್ರತಿಯನ್ನೂ ಜೊತೆಗೆ ಕೊಡಿ. ಖಜಾಂಚಿಯವರು ಅದನ್ನು ಆಯಾ ರಸೀದಿಯ ಪ್ರತಿಗೇ ಪಿನ್ ಮಾಡಿಟ್ಟರೆ ಆಡಿಟರ್ ಬಂದ ದಿನ ಹುಡುಕಾಟ ತಪ್ಪುತ್ತದೆ.