ಮಗುವಿನ ಮುಖಕ್ಕೆ ಬಣ್ಣ: ಲಿಪ್‌ಸ್ಟಿಕ್‌ಗಿಂತ ಮೊದಲು ಕಾಡಿಗೆ ಡಬ್ಬಿ ನೋಡಿ

ಪುಟ್ಟ ಮಕ್ಕಳಿಗೆ ಮೇಕಪ್ ಹಚ್ಚಬಹುದೇ ಎಂದು ಕೇಳಿದ ಆರು ಪ್ರಶ್ನೆಗಳಿಗೆ ಚರ್ಮರೋಗ ತಜ್ಞರ ಉತ್ತರ ಇಲ್ಲಿದೆ.

ಮಗಳಿಗೆ ಆರು ವರ್ಷ. ಶಾಲೆಯ ವಾರ್ಷಿಕೋತ್ಸವದಲ್ಲಿ ಗುಂಪು ನೃತ್ಯಕ್ಕೆ ಸೇರಿದ್ದಾಳೆ. ಮೇಕಪ್‌ನವರನ್ನು ಶಾಲೆಗೇ ಕರೆಸುತ್ತಾರಂತೆ. ಹೋದ ವರ್ಷ ಹೀಗೇ ಮಾಡಿಸಿದ್ದಾಗ ಎರಡನೇ ದಿನ ಕೆನ್ನೆಯೆಲ್ಲ ಕೆಂಪಾಗಿ ಒಂದು ವಾರ ತುರಿಸಿಕೊಂಡಳು. ಅತ್ತೆ ‘ಒಂದು ದಿನಕ್ಕೆ ಏನಾಗುತ್ತೆ’ ಅಂತಾರೆ, ನಮ್ಮ ಮನೆಯವರು ಬೇಡವೇ ಬೇಡ ಅಂತಾರೆ. ಏನು ಮಾಡಲಿ? — ಗೃಹಿಣಿ, ದಾವಣಗೆರೆ

ನಿಮ್ಮ ಅತ್ತೆಯವರ ಮಾತಿನಲ್ಲೂ ಅರ್ಧ ನಿಜ ಇದೆ. ಚರ್ಮ ಚೆನ್ನಾಗಿರುವ ಮಗುವಿಗೆ ವರ್ಷಕ್ಕೆ ಒಂದೆರಡು ಸಂಜೆ, ಮೂರು ನಾಲ್ಕು ಗಂಟೆ ಬಣ್ಣ ಹಚ್ಚಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ನಿಮ್ಮ ಮಗಳಿಗೆ ಆದದ್ದನ್ನು ಹಾಗೆ ಬಿಡುವಂತಿಲ್ಲ. ಹಚ್ಚಿದ ಕೂಡಲೇ ಉರಿ ಬಂದು ಕೆಲವು ಗಂಟೆಯಲ್ಲಿ ಇಳಿದರೆ ಅದು ಬರೀ ಚರ್ಮದ ಕಿರಿಕಿರಿ. ಒಂದರಿಂದ ಮೂರು ದಿನ ಬಿಟ್ಟು ಶುರುವಾಗಿ ವಾರಗಟ್ಟಲೆ ತುರಿಸಿದರೆ ಅಲರ್ಜಿ ಇರುವ ಸಾಧ್ಯತೆ ಹೆಚ್ಚು. ಅಲರ್ಜಿ ಒಮ್ಮೆ ಹುಟ್ಟಿಕೊಂಡರೆ ಸುಲಭಕ್ಕೆ ಹೋಗುವುದಿಲ್ಲ, ಅದೇ ವಸ್ತು ಮತ್ತೆ ಸೋಕಿದಾಗ ಇನ್ನೂ ಬೇಗ, ಇನ್ನೂ ಜೋರಾಗಿ ಏಳುತ್ತದೆ. ಆಗ ಏನೇನು ಹಚ್ಚಿದ್ದರು ಎಂದು ಸಾಧ್ಯವಾದರೆ ಕೇಳಿ ಬರೆದಿಟ್ಟುಕೊಳ್ಳಿ. ಇಂಥದ್ದರಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಸುವಾಸನೆಯ ಅಂಶ ಮತ್ತು ಕೆಡದಂತೆ ಸೇರಿಸುವ ಸಂರಕ್ಷಕಗಳು. ಮೀಥೈಲ್‌ಐಸೋಥಯಾಜೋಲಿನೋನ್, ಡಿಎಂಡಿಎಂ ಹೈಡಾಂಟೋಯಿನ್, ಕ್ವಾಟರ್ನಿಯಂ-15 ಎಂಬ ಹೆಸರುಗಳು ಡಬ್ಬಿಯ ಹಿಂದೆ ಕಂಡರೆ ಮಕ್ಕಳಿಗೆ ಬೇಡ. ‘ಹೈಪೋಅಲರ್ಜೆನಿಕ್’ ಅಂತಲೋ ‘ನ್ಯಾಚುರಲ್’ ಅಂತಲೋ ಮುಂದುಗಡೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಅದನ್ನು ಜಾಹೀರಾತು ಎಂದು ಓದಿಕೊಳ್ಳಿ, ಹಿಂದುಗಡೆಯ ಸಣ್ಣ ಅಕ್ಷರ ನೋಡಿ.

ಶಾಲೆಯಲ್ಲಿ ಮಾಡಿಸುವುದರ ದೊಡ್ಡ ತೊಂದರೆ ಬಣ್ಣದ್ದಲ್ಲ, ಸ್ಪಂಜಿನದು. ನಲವತ್ತು ಮಕ್ಕಳ ಮುಖಕ್ಕೆ ಒಂದೇ ಒದ್ದೆ ಸ್ಪಂಜು, ಒಂದೇ ಲಿಪ್‌ಸ್ಟಿಕ್, ಒಂದೇ ಕಾಡಿಗೆ ಪೆನ್ಸಿಲ್ ಓಡಾಡಿದರೆ ಕಣ್ಣುಬೇನೆ, ಕೀವುಗುಳ್ಳೆ, ತುಟಿಯ ಹರ್ಪಿಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಆದ್ದರಿಂದ ಮನೆಯಲ್ಲೇ ಹಚ್ಚಿ ಕಳಿಸುತ್ತೇವೆ ಎಂದು ಟೀಚರ್‌ಗೆ ಹೇಳಿಬಿಡಿ.

ಕಾರ್ಯಕ್ರಮಕ್ಕೆ ಹತ್ತು ದಿನ ಮುಂಚೆ ಪರೀಕ್ಷೆ ಶುರುಮಾಡಿ. ಮುಖಕ್ಕೆ ಹಚ್ಚಬೇಕೆಂದಿರುವ ಒಂದೊಂದನ್ನೂ ಮೊಣಕೈ ಮಡಿಕೆಯ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲ, ಏಳು ದಿನ ಅದೇ ಜಾಗಕ್ಕೆ ಹಚ್ಚಿ. ಒಂದೇ ದಿನ ಹಚ್ಚಿ ನೋಡಿ ‘ಏನೂ ಆಗಲಿಲ್ಲ’ ಎನ್ನುವವರು ಮೋಸಹೋಗುತ್ತಾರೆ. ಅಲರ್ಜಿ ತಲೆಯೆತ್ತಲು ದಿನಗಳು ಬೇಕು. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಹೋದ ವರ್ಷದ್ದೇ ಸಾಮಾನು ಅಂತ ಗೊತ್ತಿದ್ದರೆ ಮಾತ್ರ ಈ ಪರೀಕ್ಷೆಯನ್ನೂ ಮಾಡಬೇಡಿ, ಅದು ಬೇಡವೇ ಬೇಡ.

ಹಚ್ಚುವ ದಿನ ಮೊದಲು ತೆಳುವಾಗಿ ಮಾಯಿಶ್ಚರೈಸರ್ ಸವರಿ ಹತ್ತು ನಿಮಿಷ ಬಿಡಿ. ಫೌಂಡೇಶನ್ ಎರಡು ತೊಗರಿಬೇಳೆಯಷ್ಟು ಸಾಕು. ಅದನ್ನು ಚೊಕ್ಕ ಚಮಚದಿಂದ ತಟ್ಟೆಗೆ ತೆಗೆದುಕೊಂಡು ಹಚ್ಚಿ, ಡಬ್ಬಿಗೆ ಬೆರಳು ಹಾಕಬೇಡಿ. ಪೌಡರ್ ಪಫ್ಪನ್ನು ಮಗುವಿನ ಮೂಗಿನೆದುರು ತಟ್ಟಬೇಡಿ, ಹಾರುವ ಟಾಲ್ಕ್ ನೇರ ಶ್ವಾಸಕ್ಕೆ ಹೋಗುತ್ತದೆ. ಟಾಲ್ಕ್‌ನ ಇನ್ನೊಂದು ಪೇಚು ಏನೆಂದರೆ ನೆಲದಲ್ಲಿ ಅದೂ ಕ್ಯಾನ್ಸರ್ ತರುವ ಖನಿಜವಾದ ಆಸ್ಬೆಸ್ಟಾಸೂ ಅಕ್ಕಪಕ್ಕ ಸಿಗುತ್ತವೆ. ಹುಡುಗಿಯರಿಗೆಂದೇ ಮಾರುತ್ತಿದ್ದ ಕೆಲವು ಮೇಕಪ್ ಸಾಮಾನುಗಳಲ್ಲಿ ಆಸ್ಬೆಸ್ಟಾಸ್ ಸಿಕ್ಕಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತ್ತು. ಲಿಪ್‌ಸ್ಟಿಕ್ಕನ್ನು ತಿಂಡಿ ಮುಗಿದ ಮೇಲೆ, ಕೊನೆಯಲ್ಲಿ, ಒಂದೇ ಸಲ ಎಳೆಯಿರಿ. ಮಕ್ಕಳು ತುಟಿ ನೆಕ್ಕುತ್ತಲೇ ಇರುತ್ತಾರೆ, ಅಂದರೆ ಹಚ್ಚಿದ್ದರಲ್ಲಿ ಒಂದಷ್ಟು ಹೊಟ್ಟೆಗೇ ಹೋಗುತ್ತದೆ. ಕಣ್ಣಿನ ಗೆರೆ ರೆಪ್ಪೆಗೂದಲಿನ ಹೊರಗೇ ಇರಲಿ. ಮಸ್ಕಾರ ಬೇಡ. ಮಿಂಚುಪುಡಿಯಂತೂ ಬೇಡವೇ ಬೇಡ, ಕುಣಿಯುವಾಗ ಬೆವರಿಗೆ ಇಳಿದು ಕಣ್ಣುಗುಡ್ಡೆಯನ್ನು ಗೀರುತ್ತದೆ.

ತೆಗೆಯುವುದರಲ್ಲೇ ಹೆಚ್ಚಿನವರು ಎಡವುವುದು. ರಾತ್ರಿ ಎಷ್ಟೇ ಹೊತ್ತಾಗಲಿ, ಮಗು ಮಲಗುವ ಮುಂಚೆ ತೆಗೆಯಲೇಬೇಕು. ಒಂದು ಟೀ ಚಮಚ ಕೊಬ್ಬರಿ ಎಣ್ಣೆ ಅಂಗೈಗೆ ಹಾಕಿಕೊಂಡು ಮುಖಕ್ಕೆ ಮೆಲ್ಲಗೆ ಒಂದು ನಿಮಿಷ ಸವರಿ, ಒದ್ದೆ ಹತ್ತಿಬಟ್ಟೆಯಿಂದ ಒರೆಸಿ. ಕಣ್ಣಿಗೆ ಎಣ್ಣೆ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆ ಮೇಲೆ ಅರ್ಧ ನಿಮಿಷ ಇಟ್ಟು ಕೆಳಮುಖವಾಗಿ ಒಮ್ಮೆ ಎಳೆಯಿರಿ. ಉಗುರುಬೆಚ್ಚನೆ ನೀರು, ಸೌಮ್ಯ ಕ್ಲೆನ್ಸರ್ ಒಂದೇ ಸಲ, ಆಮೇಲೆ ಮಾಯಿಶ್ಚರೈಸರ್. ‘ಪೂರ್ತಿ ಹೋಗಲಿ’ ಅಂತ ಕಡಲೆಹಿಟ್ಟಿನಿಂದ ತಿಕ್ಕಬೇಡಿ. ಮೊದಲೇ ನೊಂದ ಚರ್ಮಕ್ಕೆ ಅದು ಮರಳುಕಾಗದ.

ಹಾಗೂ ದದ್ದು ಎದ್ದರೆ ಹತ್ತು ನಿಮಿಷ ತಣ್ಣೀರು ಬಟ್ಟೆ ಹಾಕಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬ್ ಬೇಡ, ಅವುಗಳಲ್ಲಿ ಹಲವು ಸ್ಟಿರಾಯ್ಡ್. ರೆಪ್ಪೆ ಊದಿಕೊಂಡರೆ, ನೀರುಗುಳ್ಳೆ ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಇನ್ನು ಇಸುಬು ಇರುವ ಮಗುವಾದರೆ, ಅದು ಪೂರ್ತಿ ಮಾಯುವವರೆಗೆ ವೇದಿಕೆಗೂ ಬಣ್ಣ ಬೇಡ.

ಮಗುವಿಗೆ ನಾಲ್ಕು ತಿಂಗಳು. ಕಣ್ಣು ಅಗಲ ಆಗುತ್ತೆ, ದೃಷ್ಟಿ ತಾಕಲ್ಲ ಅಂತ ಅಮ್ಮ ದಿನಾ ಕಾಡಿಗೆ ಹಚ್ಚುತ್ತಾರೆ. ಮನೆಯಲ್ಲೇ ಮಾಡಿದ್ದು, ಕೆಮಿಕಲ್ ಇಲ್ಲ ಅಂತಾರೆ. ಪರವಾಗಿಲ್ಲವೇ? — ಬ್ಯಾಂಕ್ ಉದ್ಯೋಗಿ, ಹಾಸನ

ಲಿಪ್‌ಸ್ಟಿಕ್ ಎಂದರೆ ಮೈಲಿ ದೂರ ಓಡುವ ಮನೆಗಳಲ್ಲೂ ಕಾಡಿಗೆ ದಿನಾ ನಡೆಯುತ್ತದೆ. ಅಪಾಯದ ಲೆಕ್ಕ ಹಾಕಿದರೆ ಅದು ತಿರುವುಮುರುವು. ವರ್ಷಕ್ಕೊಮ್ಮೆಯ ಲಿಪ್‌ಸ್ಟಿಕ್ಕಿಗಿಂತ ದಿನವೂ ಕಣ್ಣಿನೊಳಗೆ ಹೋಗುವ ಕಪ್ಪು ಹೆಚ್ಚು ಯೋಚಿಸಬೇಕಾದ್ದು.

ಹರಳೆಣ್ಣೆ ದೀಪದ ಮಸಿಯನ್ನು ತಟ್ಟೆಗೆ ಹಿಡಿದು ತುಪ್ಪದಲ್ಲಿ ಕಲಸಿದ ಕಾಡಿಗೆಯಲ್ಲಿ ಸೀಸ ಇರುವುದಿಲ್ಲ, ಅಷ್ಟರಮಟ್ಟಿಗೆ ಅಮ್ಮನ ಮಾತು ಸರಿ. ಆದರೆ ಮಸಿಯೂ ಒಂದು ಕೆಮಿಕಲ್ಲೇ. ಅದರ ಮೇಲೆ ಬೆರಳಿನ ಕೊಳೆ. ಹುಟ್ಟಿದ ಮಕ್ಕಳಲ್ಲಿ ಹಲವರಿಗೆ ಕಣ್ಣೀರು ಮೂಗಿಗೆ ಇಳಿಯುವ ನಾಳ ಪೂರ್ತಿ ತೆರೆದಿರುವುದಿಲ್ಲ, ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ತಾನೇ ಬಿಡುತ್ತದೆ. ಅದರ ಬಾಯಿಗೆ ಎಣ್ಣೆಮಸಿ ಮೆತ್ತಿದರೆ ಕಣ್ಣಲ್ಲಿ ನೀರು ಸುರಿಯುತ್ತದೆ, ಪಿಸುರು ಕಟ್ಟುತ್ತದೆ. ಕಣ್ಣಿನ ಅಗಲಕ್ಕೂ ಕಾಡಿಗೆಗೂ ಸಂಬಂಧವಿಲ್ಲ.

ಅಂಗಡಿಯದು, ಅದರಲ್ಲೂ ಚೀಟಿಯಿಲ್ಲದ ಸಣ್ಣ ಶೀಶೆಯ ಸುರ್ಮಾ, ಇನ್ನೂ ಕೆಟ್ಟದ್ದು. ಸಾಂಪ್ರದಾಯಿಕ ಸುರ್ಮಾ ಎಂದರೆ ಅರೆದ ಸೀಸದ ಅದಿರು, ಕೆಲವದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುತ್ತದೆ. ಸೌಂದರ್ಯವರ್ಧಕಗಳ ಬಣ್ಣದಲ್ಲಿ ನಮ್ಮ ಕಾನೂನು ಬಿಟ್ಟಿರುವ ಮಿತಿ ದಶಲಕ್ಷಕ್ಕೆ 20 ಪಾಲು. ಸೀಸ ಕಣ್ಣಿಗಿಂತ ಹೆಚ್ಚಾಗಿ ಬಾಯಿಯ ದಾರಿಯಲ್ಲಿ ಒಳಗೆ ಹೋಗುತ್ತದೆ: ಮಗು ಕಣ್ಣು ಉಜ್ಜುತ್ತದೆ, ಆ ಮುಷ್ಟಿಯನ್ನೇ ಚೀಪುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಪೆಟ್ಟು ಬೀಳುವುದು ಮೆದುಳಿಗೆ. ಸುರ್ಮಾ ತಿಂಗಳುಗಟ್ಟಲೆ ಹಚ್ಚಿದ್ದರೆ ಮಕ್ಕಳ ವೈದ್ಯರಿಗೆ ಹೇಳಿ ರಕ್ತದಲ್ಲಿ ಸೀಸದ ಪ್ರಮಾಣ ನೋಡಿಸಿ.

ಅಮ್ಮನಿಗೆ ದೃಷ್ಟಿಬೊಟ್ಟು ಬೇಕೇ ಬೇಕೆಂದಾದರೆ ಮನೆಯ ಕಾಡಿಗೆಯದೇ ಒಂದು ಚುಕ್ಕೆ ಕಿವಿಯ ಹಿಂದೆ ಇಡಲಿ. ಅಂಗಾಲಿಗೆ ಬೇಡ, ಇನ್ನೆರಡು ತಿಂಗಳಿಗೆ ಮಗು ಕಾಲ್ಬೆರಳನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ.

ಎಂಟು ವರ್ಷದ ಮಗಳು ದಿನಾ ಸ್ಟಿಕ್ಕರ್ ಟಿಕಳಿ ಹಚ್ಚಿಕೊಳ್ತಾಳೆ. ಈಗ ಆ ಜಾಗದಾಗ ಬೆಳ್ಳಗಾಗ್ಯದ. ತೊನ್ನು ಏನ್ರಿ? — ಓದುಗರು, ಗದಗ

ಟಿಕಳಿಯ ಹಿಂದಿನ ಅಂಟಿನಲ್ಲಿ ಪ್ಯಾರಾ-ಟರ್ಷರಿ ಬ್ಯುಟೈಲ್‌ಫೀನಾಲ್ ಎಂಬ ವಸ್ತು ಇರಬಹುದು. ಅದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಕಲೆ ಟಿಕಳಿಯಷ್ಟೇ ದುಂಡಗೆ, ಅದೇ ಜಾಗದಲ್ಲಿದ್ದರೆ ಅಂಟಿನ ಮೇಲೆಯೇ ಅನುಮಾನ. ಇವತ್ತಿನಿಂದಲೇ ಬಿಡಿಸಿ. ಬೇಗ ಬಿಟ್ಟರೆ ತಿಂಗಳುಗಳಲ್ಲಿ ಬಣ್ಣ ಮರಳಬಹುದು. ಕಲೆ ಹಣೆ ದಾಟಿ ಬೇರೆ ಕಡೆಯೂ ಕಂಡರೆ ತಡಮಾಡದೆ ಚರ್ಮರೋಗ ತಜ್ಞರ ಬಳಿ ಹೋಗಿ.

ಬದಲಿಗೆ ಕುಂಕುಮ ಹಚ್ಚುವುದಾದರೆ ಅದನ್ನೂ ನೋಡಿ ತನ್ನಿ. ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡಿದ್ದಾದರೆ ಚಿಟಿಕೆಯ ಮೇಲೆ ಎರಡು ಹನಿ ನಿಂಬೆರಸ ಬಿದ್ದೊಡನೆ ಕೆಂಪು ಹೋಗಿ ಹಳದಿ ಬರುತ್ತದೆ. ಹಳದಿಗೆ ತಿರುಗದ್ದೆಲ್ಲ ಕೆಟ್ಟದ್ದು ಅಂತಲ್ಲ, ಬಿಳಿಗಾರ ಹಾಕಿ ಮಾಡಿದ್ದು ಕೆಂಪಾಗಿಯೇ ಉಳಿಯುತ್ತದೆ. ಆದರೆ ಕಣ್ಣು ಕುಕ್ಕುವಂಥ ಕೆಂಪಿದ್ದು, ತೊಳೆದರೂ ಬೆರಳಿಗೆ ರಂಗು ಉಳಿಸುವ ಅಗ್ಗದ ಪುಡಿ ಮಗುವಿನ ಹಣೆಗೆ ಬೇಡ.

ಮಗನಿಗೆ ಒಂಬತ್ತು. ಯಕ್ಷಗಾನ ಕಲಿಯುತ್ತಿದ್ದಾನೆ, ಮೊದಲ ಸಲ ಬಾಲಗೋಪಾಲ ವೇಷ. ವೇಷ ಕಟ್ಟುವ ಚೌಕಿಯ ಬಣ್ಣ ಮಕ್ಕಳಿಗೆ ಆಗುತ್ತದಾ? — ಓದುಗರು, ಕುಂದಾಪುರ

ಬಿಳಿಯ ಬಗ್ಗೆ ಚಿಂತೆ ಬೇಡ. ಸಫೇತ ಎಂದರೆ ಸತುವಿನ ಆಕ್ಸೈಡ್. ಕೂಸುಗಳ ಡಯಾಪರ್ ದದ್ದಿಗೆ ಹಚ್ಚುವ ಮುಲಾಮಿನಲ್ಲಿರುವುದೂ ಅದೇ. ಕೊಬ್ಬರಿ ಎಣ್ಣೆಯಲ್ಲಿ ಕಲಸುವುದರಿಂದ ಚರ್ಮಕ್ಕೆ ಕಚ್ಚುವುದೂ ಕಡಿಮೆ. ಕೇಳಿ ತಿಳಿಯಬೇಕಾದದ್ದು ಹಳದಿ ಮತ್ತು ಕೆಂಪಿನ ಬಗ್ಗೆ. ಹಿಂದೆ ಹಳದಿಗೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್‌ನ ಸಲ್ಫೈಡ್, ಕೆಂಪಿಗೆ ಬಳಸುತ್ತಿದ್ದ ಇಂಗಳೀಕ ಪಾದರಸದ ಸಲ್ಫೈಡ್. ಇಂದು ಸಿದ್ಧ ಬಣ್ಣಗಳು ಬಂದಿವೆ, ಆದರೂ ಪುಡಿ ಮುಖಕ್ಕೆಂದೇ ತಯಾರಾದದ್ದೋ, ಪೇಂಟ್ ಅಂಗಡಿಯದೋ ಎಂದು ಬಣ್ಣ ಕಲಸುವವರನ್ನು ಸಂಕೋಚವಿಲ್ಲದೆ ಕೇಳಿ. ತುಟಿಗೆ, ಕಣ್ಣಂಚಿಗೆ ನೀವೇ ತಂದ ಬಣ್ಣ ಕೊಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಉಬ್ಬಾಗಿ ಇಡುವ ಚಿಟ್ಟಿ ಇರುವುದು ರಾಕ್ಷಸರಂಥ ಬಣ್ಣದ ವೇಷಗಳಿಗೆ, ಬಾಲಗೋಪಾಲನಿಗೆ ಅದರ ಅಗತ್ಯವೇ ಇಲ್ಲ.

ಒಂದು ಅನುಕೂಲ: ಈ ವೇಷ ಕಥೆ ಶುರುವಾಗುವ ಮುಂಚಿನ ಪೂರ್ವರಂಗದಲ್ಲೇ ಮುಗಿಯುತ್ತದೆ. ಬಣ್ಣದ ಮುಖದಲ್ಲೇ ಆಟ ನೋಡುತ್ತಾ ಕೂರುವ ಆಸೆ ಅವನಿಗೆ ಇದ್ದೇ ಇರುತ್ತದೆ. ಫೋಟೋ ತೆಗೆದು ಕೂಡಲೇ ಒರೆಸಿಬಿಡಿ. ಚೌಕಿಯವರು ಎಣ್ಣೆ ಹಚ್ಚಿಯೇ ಬಣ್ಣ ತೆಗೆಯುತ್ತಾರೆ, ಅದೇ ಸರಿಯಾದ ಕ್ರಮ.

ಉಗುರುಬಣ್ಣ ಮತ್ತು ಮೆಹಂದಿ? — ಓದುಗರು, ಮೈಸೂರು

ಬೆರಳು ಚೀಪುವ, ಉಗುರು ಕಚ್ಚುವ ಮಗುವಿಗೆ ಉಗುರುಬಣ್ಣ ಬೇಡ. ಉಳಿದವರಿಗೆ ಹಬ್ಬಕ್ಕೊಮ್ಮೆ, ಕಿಟಕಿ ತೆರೆದಿಟ್ಟು, ಟಾಲುಯೀನ್ ಮತ್ತು ಫಾರ್ಮಾಲ್ಡಿಹೈಡ್ ಇಲ್ಲದ್ದನ್ನು ಹಚ್ಚಬಹುದು. ಅಂಟಿಸುವ ಉಗುರು ಬೇಡ. ಅದರ ಗೋಂದು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ತಟ್ಟನೆ ಕಾದು ಚರ್ಮ ಸುಡುತ್ತದೆ.

ಗೋರಂಟಿ ಸೊಪ್ಪು ರುಬ್ಬಿ ಹಚ್ಚಿದರೆ ಗಂಟೆಗಟ್ಟಲೆ ಕಾಯಬೇಕು, ಬರುವುದು ಕಿತ್ತಳೆ, ಮಾರನೇ ದಿನ ಕಂದು. ಅರ್ಧ ಗಂಟೆಯಲ್ಲಿ ಕಡುಕಪ್ಪು ಬಂದರೆ ಅದರಲ್ಲಿ ಕೂದಲಿನ ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಸೇರಿದೆ ಎಂದೇ ತಿಳಿಯಿರಿ. ಜಾತ್ರೆಯಲ್ಲಿ ಹಾಕುವ ಕಪ್ಪು ಟ್ಯಾಟೂ ಕೂಡ ಹೆಚ್ಚಾಗಿ ಇದೇ. ಚಿತ್ರ ಇದ್ದಷ್ಟೂ ಜಾಗ ಗುಳ್ಳೆ ಏಳಬಹುದು, ಅಲರ್ಜಿ ಜೀವನಪೂರ್ತಿ ಉಳಿದು ದೊಡ್ಡವರಾದ ಮೇಲೆ ಹೇರ್ ಡೈ ಮುಟ್ಟಲೂ ಆಗದಂತೆ ಮಾಡಬಹುದು. ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಮಕ್ಕಳಿಗೆ ಅಸಲಿ ಗೋರಂಟಿಯೂ ಬೇಡ, ರಕ್ತಕಣಗಳು ಒಡೆಯಬಹುದು.

ಮಗಳಿಗೆ ಹನ್ನೊಂದು. ರೀಲ್ಸ್ ನೋಡಿ ರೆಟಿನಾಲ್ ಸೀರಮ್ ಬೇಕೆಂದು ಹಟ. ನೆಂಟರೊಬ್ಬರು ಬೆಳ್ಳಗಾಗುವ ಕ್ರೀಮ್ ಬೇರೆ ತಂದುಕೊಟ್ಟಿದ್ದಾರೆ. — ತಂದೆ, ಬೆಂಗಳೂರು

ರೆಟಿನಾಲ್ ಮಾರುವುದು ವಯಸ್ಸಾದ ಚರ್ಮದ ಸುಕ್ಕಿಗೆ. ಹನ್ನೊಂದರ ಮುಖದಲ್ಲಿ ಅದಕ್ಕೆ ಕೆಲಸವಿಲ್ಲ. ಸಿಗುವುದು ಸಿಪ್ಪೆ ಏಳುವಿಕೆ, ಉರಿ, ಬಿಸಿಲು ತಡೆಯದ ಚರ್ಮ. ಇಂಥ ಸೀರಮ್‌ಗಳಲ್ಲಿ ಬರುವ ಗ್ಲೈಕಾಲಿಕ್ ಆಮ್ಲದ್ದೂ ಅದೇ ಕತೆ. ಸುಮ್ಮನೆ ‘ಬೇಡ’ ಎಂದರೆ ಸ್ನೇಹಿತೆಯ ಮನೆಯಲ್ಲಿ ಹಚ್ಚಿಕೊಳ್ಳುತ್ತಾಳೆ. ಸೌಮ್ಯ ಕ್ಲೆನ್ಸರ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಒಂದು ಲಿಪ್ ಬಾಮ್, ಈ ನಾಲ್ಕನ್ನು ಅವಳದೇ ಡಬ್ಬದಲ್ಲಿ ಇಟ್ಟುಕೊಡಿ.

ನೆಂಟರ ಕ್ರೀಮನ್ನು ಮಾತ್ರ ಇವತ್ತೇ ಕೈಗೆ ತೆಗೆದುಕೊಂಡು ನೋಡಿ. ತಯಾರಕರ ವಿಳಾಸ, ಪರವಾನಗಿ ಅಥವಾ ಆಮದು ನೋಂದಣಿ ಸಂಖ್ಯೆ, ಒಳಗೇನಿದೆ ಎಂಬ ಪಟ್ಟಿ ಇಲ್ಲವೇ? ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ’ ಎಂದು ಬರೆದಿದೆಯೇ? ಪಾದರಸ ಇರುವುದರ ಸುಳಿವು ಅದು, ಪಾದರಸ ಈ ಲೋಹಗಳ ಮೇಲೆ ಹತ್ತಿ ಕೂರುತ್ತದೆ. ಇಂಥ ಕ್ರೀಮ್ ಹಚ್ಚಿಕೊಂಡವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು 2023ರಲ್ಲಿ ಕೇರಳದ ಮಲಪ್ಪುರಂನಿಂದ ವರದಿಯಾಗಿತ್ತು. ಮಗಳು ಈಗಾಗಲೇ ಕೆಲವು ವಾರ ಹಚ್ಚಿದ್ದರೆ, ಬೆಳಿಗ್ಗೆ ರೆಪ್ಪೆ ಊದಿಕೊಳ್ಳುತ್ತಿದ್ದರೆ, ಮೂತ್ರದಲ್ಲಿ ನೊರೆ ಕಾಣುತ್ತಿದ್ದರೆ ಮೂತ್ರದ ಪ್ರೊಟೀನ್ ಪರೀಕ್ಷೆ ಮಾಡಿಸಿ. ಡಬ್ಬಿ ಎಸೆಯಬೇಡಿ, ಬಿಗಿಯಾಗಿ ಮುಚ್ಚಿ ವೈದ್ಯರ ಬಳಿಗೆ ಜೊತೆಯಲ್ಲೇ ಒಯ್ಯಿರಿ.