ಕಾಫಿ ಗಿಡದ ಸಾರಜನಕ ಯೂರಿಯಾದ್ದೋ ಹಾಲುವಾಣದ್ದೋ? ನ್ಯಾಚುರಲ್ ಅಬಂಡೆನ್ಸ್ ಸಾಕಾ, ಲೇಬಲ್ ಗೊಬ್ಬರವೂ ಬೇಕಾ?

ಎರಡನ್ನೂ ಒಟ್ಟಿಗೆ ಮಾತ್ರ ಮಾಡಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಎಂ.ಎಸ್ಸಿ. ಪ್ಲಾನ್ ಅಂತ ನೀವು ಬರೆದಿರುವುದೆಲ್ಲ ನಾನು ಕಂಡದ್ದೇ. ಕೊಡಗಿನ ತೋಟ, ನೆರಳಿಗೆ ಹಾಲುವಾಣ, ಮಳೆಗೆ ಮುಂಚೆ ಒಮ್ಮೆ ಮಳೆ ಮುಗಿದ ಮೇಲೆ ಒಮ್ಮೆ ಯೂರಿಯಾ. ಕೆಲವು ಗಿಡಕ್ಕೆ ನೈಟ್ರೋಜನ್-15 (ಸಾರಜನಕದ ಭಾರದ ರೂಪ) ಜಾಸ್ತಿ ಇರುವ ಲೇಬಲ್ ಯೂರಿಯಾ ಹಾಕುವುದು, ಉಳಿದ ಗಿಡಗಳಲ್ಲಿ ಸಹಜವಾಗಿ ಇರುವ ನೈಟ್ರೋಜನ್-15 ಎಷ್ಟು ಅಂತ ನೋಡುವುದು (ಇದೇ ನ್ಯಾಚುರಲ್ ಅಬಂಡೆನ್ಸ್), ಎಲ್ಲವನ್ನೂ ಒಂದೇ ಲ್ಯಾಬಿನಲ್ಲಿ ಒಂದೇ ಸೀಸನ್‌ನಲ್ಲಿ ಮುಗಿಸುವುದು. ನನ್ನ ಪಿಎಚ್.ಡಿ. ಪ್ಲಾನ್ ಕೂಡ ಅಕ್ಷರಶಃ ಇದೇ ಆಗಿತ್ತು. ತೋಟ ಸುಂಟಿಕೊಪ್ಪದ ಹತ್ತಿರ, ನಮ್ಮ ಚಿಕ್ಕಪ್ಪನದು.

ಜುಲೈ ಕೊನೆ, ಕಕ್ಕಡದ ಮಳೆ. ಎಲೆ ಕೊಯ್ದರೆ ನೀರು ತೊಟ್ಟಿಕ್ಕುತ್ತಿತ್ತು. ಎರಡು ದಿನ ಹಾಗೇ ಬಿಟ್ಟರೆ ಬೂಸ್ಟು. ಹಾಗಾಗಿ ಕಾಗದದ ಕವರಿಗೆ ಹಾಕಿ ಅವತ್ತೇ ಲ್ಯಾಬಿಗೆ ಓಡಿದೆ. ಅಲ್ಲಿ ಇದ್ದದ್ದು ಒಂದೇ ಓವನ್. ಮೇಲಿನ ತಟ್ಟೆಯಲ್ಲಿ ಕುಂಡದ ಗಿಡಗಳ ಎಲೆ ಒಣಗುತ್ತಿತ್ತು. ಅವುಗಳಿಗೆ ಹಾಕಿದ್ದ ಯೂರಿಯಾದಲ್ಲಿ ಶೇಕಡಾ 10 ನೈಟ್ರೋಜನ್-15 ಇತ್ತು. ನನ್ನ ಕವರುಗಳನ್ನು ಕೆಳಗಿನ ತಟ್ಟೆಯಲ್ಲಿಟ್ಟೆ. ಒಣಗಿದ ಮೇಲೆ ಮೊದಲು ಕುಂಡದ ಎಲೆ ಪುಡಿ ಮಾಡಿದೆ. ಆಮೇಲೆ ಅದೇ ಮಿಲ್ಲಿನಲ್ಲಿ ನನ್ನ ತೋಟದ ಎಲೆ. ನಡುವೆ ಬ್ರಷ್ಷಿನಿಂದ ಗುಡಿಸಿ, ಸ್ಪಿರಿಟ್ ಹಾಕಿ ಒರೆಸಿದ್ದೆ. ಸ್ಟೀಲ್ ಪಳಪಳ ಹೊಳೆಯುತ್ತಿತ್ತು.

ಇದರಲ್ಲಿ ತಪ್ಪೇನು ಅಂತ ಅನಿಸಬಹುದು. ನನಗೂ ಅನಿಸಿರಲಿಲ್ಲ. ಲೆಕ್ಕ ಹಾಕಿ ನೋಡಿ. ಗಾಳಿಯಲ್ಲಿರುವ ಹತ್ತು ಲಕ್ಷ ಸಾರಜನಕ ಪರಮಾಣುಗಳಲ್ಲಿ ನೈಟ್ರೋಜನ್-15 ಇರುವುದು ಸುಮಾರು 3,663. ಉಳಿದದ್ದೆಲ್ಲ ನೈಟ್ರೋಜನ್-14. ಈ ಗಾಳಿಯನ್ನೇ ಸೊನ್ನೆ ಅಂತ ಇಟ್ಟುಕೊಂಡು, ನೈಟ್ರೋಜನ್-15 ಅದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವ ಡೆಲ್ಟಾ ಅಳೆಯುತ್ತಾರೆ. 3,663 ಇದ್ದದ್ದು 3,667 ಆದರೆ ಡೆಲ್ಟಾ ಒಂದು ಪರ್ ಮಿಲ್ (ಸಾವಿರಕ್ಕೆ ಒಂದು) ಏರಿತು ಅಂತ ಅರ್ಥ. ನಾಲ್ಕೇ ನಾಲ್ಕು ಪರಮಾಣು! ತೋಟದಲ್ಲಿ ನಾವು ಹುಡುಕುವ ವ್ಯತ್ಯಾಸ ನಾಲ್ಕೈದು ಪರ್ ಮಿಲ್, ಅಂದರೆ ಹದಿನೈದಿಪ್ಪತ್ತು ಪರಮಾಣು. ಕುಂಡದ ಎಲೆಯಲ್ಲಿ ನೈಟ್ರೋಜನ್-15 ಶೇಕಡಾ 2ರಷ್ಟಿತ್ತು. ಹತ್ತು ಲಕ್ಷಕ್ಕೆ ಇಪ್ಪತ್ತು ಸಾವಿರ. ನನ್ನ ಪುಡಿಯ ಸಾವಿರದಲ್ಲಿ ಒಂದು ಪಾಲು ಆ ಪುಡಿಯಾದರೂ ಡೆಲ್ಟಾ ನಾಲ್ಕೂವರೆ ಏರುತ್ತದೆ. ನಾನು ಹುಡುಕುತ್ತಿದ್ದ ಇಡೀ ವ್ಯತ್ಯಾಸ ಅಷ್ಟೇ. ಸಾವಿರದಲ್ಲಿ ಒಂದು ಪಾಲು ಕಣ್ಣಿಗೆ ಕಾಣುವ ಕೊಳೆ ಅಲ್ಲ. ಹಾಗಾಗಿ "ಚೆನ್ನಾಗಿ ಕ್ಲೀನ್ ಮಾಡುತ್ತೇವೆ" ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನಾನೂ ಚೆನ್ನಾಗಿಯೇ ಮಾಡಿದ್ದೆ.

ರಿಪೋರ್ಟ್ ಬಂದಾಗ ಕಾಫಿ ಎಲೆ +14, +9, ಒಂದೊಂದು +30ರ ಮೇಲೆ. ಕೊಟ್ಟಿಗೆ ಗೊಬ್ಬರದ ಪ್ರಭಾವ ಅಂತ ತೀರ್ಮಾನಿಸಿದೆ. ಅದಕ್ಕೆ ಕಾರಣವೂ ಇತ್ತು. ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುತ್ತದಲ್ವಾ ಅಮೋನಿಯಾ ಘಾಟು, ಅದರಲ್ಲಿ ಹಗುರವಾದ ನೈಟ್ರೋಜನ್-14 ಹೆಚ್ಚು ಹಾರಿಹೋಗುತ್ತದೆ, ಭಾರದ್ದು ಗೊಬ್ಬರದಲ್ಲಿ ಉಳಿಯುತ್ತದೆ. ಅದಕ್ಕೇ ಸಗಣಿ ಗೊಬ್ಬರದ ಡೆಲ್ಟಾ ಮೇಲಿರುತ್ತದೆ. ಇದನ್ನು ನಂಬಿ ಒಂದು ಅಧ್ಯಾಯ ಪೂರ್ತಿ ಬರೆದುಬಿಟ್ಟೆ. ಆದರೆ ಒಂದು ನಂಬರು ಮಾತ್ರ ಸರಿಹೋಗಲಿಲ್ಲ. ಗೊಬ್ಬರವೇ ಕಾಣದ ಬಾಣೆಯಿಂದ (ಗದ್ದೆಗೆ ಸೇರಿದ ಕಾಡುಜಾಗ) ಹೋಲಿಕೆಗೆ ಅಂತ ತಂದಿದ್ದ ಸಿಲ್ವರ್ ಓಕ್ ಎಲೆ +23 ತೋರಿಸಿತ್ತು. ತಿಂಗಳುಗಟ್ಟಲೆ ಅದನ್ನು ಪಕ್ಕಕ್ಕಿಟ್ಟಿದ್ದೆ. ಅದು ದೊಡ್ಡ ತಪ್ಪು. ಒಂದು ರಾತ್ರಿ ನೋಟ್‌ಬುಕ್ ತೆಗೆದು, ತೋಟದ ಬ್ಲಾಕ್ ಪ್ರಕಾರ ಅಲ್ಲ, ಪುಡಿ ಮಾಡಿದ ಕ್ರಮದಲ್ಲಿ ನಂಬರು ಜೋಡಿಸಿದೆ. 41, 23, 14, 9. ಮೆಟ್ಟಿಲು ಇಳಿದ ಹಾಗೆ. ಪಟ್ಟಿಯಲ್ಲಿ ಎರಡನೆಯದು ಅದೇ ಸಿಲ್ವರ್ ಓಕ್. ಮಾರನೇ ದಿನ ಮಿಲ್ಲಿನ ಮುಚ್ಚಳದ ರಬ್ಬರ್ ರಿಂಗನ್ನು ಪಿನ್ನಿನಿಂದ ಎಬ್ಬಿಸಿದೆ. ಒಳಗೆ ಉಗುರಿನ ಅಂಚಿನಷ್ಟು ತೆಳುವಾಗಿ ಹಸಿರು ಪುಡಿಯ ಗೆರೆ ಕೂತಿತ್ತು.

ಹೊಸದಾಗಿ ಎಲೆ ತರೋಣ ಅಂತ ತೋಟಕ್ಕೆ ಹೋದರೆ ಹಾಲುವಾಣವೇ ಇರಲಿಲ್ಲ. ಗುರುತು ಮಾಡಿದ್ದ ಹದಿನೆಂಟು ಮರಗಳಲ್ಲಿ ಉಳಿದದ್ದು ನಾಲ್ಕು. ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಒಳ್ಳೆಯದು ಅಂತ ಚಿಕ್ಕಪ್ಪ ಕಡಿಸಿದ್ದರು. ಅವರದೇನೂ ತಪ್ಪಿಲ್ಲ, ನನ್ನ ಕೆಲಸ ಮುಗಿಯಿತು ಅಂತ ನಾನೇ ಹೇಳಿದ್ದೆ. ಬೇರೆ ತೋಟ ಹುಡುಕಿ ಮೊದಲಿನಿಂದ ಶುರು ಮಾಡುವ ಹೊತ್ತಿಗೆ ಒಂದೂವರೆ ವರ್ಷ ಹೋಯಿತು, ಫೆಲೋಶಿಪ್ ಕೂಡ ನಿಂತಿತು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಬೇಜಾರಾದರೂ ಹೇಳಲೇಬೇಕು, ಆ ಪ್ರಶ್ನೆಯೇ ಸರಿಯಿಲ್ಲ. ಕಾಫಿ ಎಲೆಯ ಸಾರಜನಕ ಯೂರಿಯಾದ್ದೋ ಹಾಲುವಾಣದ್ದೋ ಅಂತ ನ್ಯಾಚುರಲ್ ಅಬಂಡೆನ್ಸ್ ಹೇಳಲಾರದು. ಯೂರಿಯಾ ಕಾರ್ಖಾನೆ ಗಾಳಿಯ ಸಾರಜನಕವನ್ನೇ ಹಿಡಿದು ಅಮೋನಿಯಾ ಮಾಡುತ್ತದೆ. ಹಾಲುವಾಣದ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಕೂಡ ಅದನ್ನೇ ಹಿಡಿಯುತ್ತದೆ. ಇಬ್ಬರೂ ಒಂದೇ ಬಾವಿಯ ನೀರು ಸೇದುವವರು. ಎರಡರ ಡೆಲ್ಟಾವೂ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಎಷ್ಟು ದುಬಾರಿ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೂ ಬೇರೆ ಮಾಡಲು ಅಲ್ಲಿ ಏನೂ ಇಲ್ಲ.

ಅದು ಹೇಳಬಲ್ಲದ್ದು ಬೇರೆ. ಹಾಲುವಾಣ ತನ್ನ ಸಾರಜನಕದಲ್ಲಿ ಎಷ್ಟು ಪಾಲನ್ನು ಗಾಳಿಯಿಂದ ತಂದಿತು ಅನ್ನುವುದು. ಶಿಯರರ್ ಮತ್ತು ಕೋಲ್ 1986ರಲ್ಲಿ ಈ ವಿಧಾನದ ಬಗ್ಗೆ ಬರೆದ ವಿಮರ್ಶೆಯನ್ನು ಹುಡುಕಿ ಓದಿ. ಲೆಕ್ಕ ಸುಲಭ. ಪಕ್ಕದ ಸಿಲ್ವರ್ ಓಕ್, ಅಂದರೆ ಗಾಳಿಯ ಸಾರಜನಕ ಹಿಡಿಯದ ಮರ, +5 ಇದೆ ಅಂದುಕೊಳ್ಳಿ. ಪೂರ್ತಿ ಗಾಳಿಯಿಂದಲೇ ಬದುಕಿದ ಹಾಲುವಾಣ −1. ನಿಮ್ಮ ತೋಟದ ಹಾಲುವಾಣ +2 ಬಂದರೆ ಅದು ಸರಿಯಾಗಿ ನಡುವೆ ಇದೆ, ಅರ್ಧ ಗಾಳಿಯದ್ದು, ಅರ್ಧ ಮಣ್ಣಿನದ್ದು. ಹೋಲಿಕೆ ಮರ ಅದೇ ಇಳಿಜಾರಿನಲ್ಲಿ, ಅದೇ ಮಣ್ಣಿನಲ್ಲಿ, ಹೆಚ್ಚುಕಮ್ಮಿ ಅಷ್ಟೇ ಆಳಕ್ಕೆ ಬೇರು ಬಿಟ್ಟಿರಬೇಕು. ಬುಡದಲ್ಲಿ ಬೆಳೆದ ಕಳೆ ಕಿತ್ತು ಹೋಲಿಸಬೇಡಿ. ಯೂರಿಯಾ ಬೀಳದ ಜಾಗವನ್ನೇ ಆರಿಸಿ, ಯಾಕೆ ಅಂತ ಈಗ ಗೊತ್ತಾಯಿತಲ್ವಾ.

ಯೂರಿಯಾ ಕಾಫಿಗೆ ಎಷ್ಟು ಸೇರಿತು ಅಂತ ತಿಳಿಯಲೇಬೇಕಿದ್ದರೆ ಲೇಬಲ್ ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ನ್ಯಾಚುರಲ್ ಅಬಂಡೆನ್ಸ್ ಸ್ಯಾಂಪಲ್ಲೆಲ್ಲ ಪುಡಿಯಾಗಿ, ತೂಗಿ, ತವರದ ಕ್ಯಾಪ್ಸೂಲಿಗೆ ಹೋದ ಮೇಲೆ ಮಾತ್ರ ಲೇಬಲ್ ಯೂರಿಯಾದ ಬಾಟಲಿ ಲ್ಯಾಬಿನೊಳಗೆ ಬರಲಿ. ಆಗಲೂ ಬೇರೆ ಓವನ್, ಬೇರೆ ಮಿಲ್, ಬೇರೆ ಚಿಮಟ. ಎಂ.ಎಸ್ಸಿ.ಗೆ ಇರುವ ಸಮಯಕ್ಕೆ ನ್ಯಾಚುರಲ್ ಅಬಂಡೆನ್ಸ್ ಒಂದೇ ಧಾರಾಳ ಅಂತ ನನ್ನ ಅಭಿಪ್ರಾಯ.

ಮಿಲ್ ಇಲ್ಲದಿದ್ದರೆ ಹೊಸದೊಂದು ಕುಟ್ಟಾಣಿ ಕೊಳ್ಳಿ, ಕೈ ನೋಯುತ್ತದೆ ಅಷ್ಟೇ. ಒಂದೇ ಮರದ ಎಲೆಯನ್ನು ಜಾಸ್ತಿ ಒಣಗಿಸಿ ಒಂದು ಡಬ್ಬಿ ಇಟ್ಟುಕೊಳ್ಳಿ. ಪ್ರತಿ ಹತ್ತು ಸ್ಯಾಂಪಲ್ಲಿಗೆ ಒಮ್ಮೆ ಅದರಿಂದ ಒಂದು ಹಿಡಿ ಪುಡಿ ಮಾಡಿ ಕಳಿಸಿ. ಆ ನಂಬರು ಅಲ್ಲಾಡಿದರೆ ಉಳಿದ ಯಾವುದನ್ನೂ ನಂಬಬೇಡಿ. ಯಾವ ಸ್ಯಾಂಪಲ್ ಆದ ಮೇಲೆ ಯಾವುದು ಪುಡಿ ಮಾಡಿದಿರಿ ಅಂತ ಗಂಟೆ ಸಮೇತ ಬರೆದಿಡಿ. ನನ್ನನ್ನು ಉಳಿಸಿದ್ದು ಅದೊಂದೇ ಪುಟ.

ಮತ್ತೆ, ನಾಳೆಯೇ ತೋಟಕ್ಕೆ ಹೋಗಿ ನಿಮ್ಮ ಮರಗಳಿಗೆ ಬಿಳಿ ಬಣ್ಣದ ಪಟ್ಟೆ ಬಳಿಯಿರಿ. ರಿಪೋರ್ಟ್ ಕೈಗೆ ಬರುವವರೆಗೆ ಇವಕ್ಕೆ ಕತ್ತಿ ತಾಗಿಸಬೇಡಿ ಅಂತ ಮಾಲೀಕರಿಗೆ ಹೇಳಿ. ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಆಳು ಕಳಿಸುವ ತೋಟದ ರೈಟರಿಗೂ ಬೇರೆಯಾಗಿ ಹೇಳಿ.