ಓರ್ಕಾ ಕಂಡರೂ ದೋಣಿ ತಿರುಗಿಸಿದ್ದೇಕೆ?

ನಮಸ್ಕಾರ ಟೀಚರ್,

ನಿಮ್ಮ ಪತ್ರ ಓದಿದೆ. ಸಿಯಾಟಲ್‌ನ ಮಗಳ ಮನೆಗೆ ಹೋದಾಗ ಸಾನ್ ಹುವಾನ್ ದ್ವೀಪಗಳ ಕಡೆ ಓರ್ಕಾ, ಅಂದರೆ ಕಪ್ಪು-ಬಿಳುಪಿನ 'ಕಿಲ್ಲರ್ ವೇಲ್', ನೋಡಲು ಹೋಗಿದ್ದಿರಿ. ಚಳಿಯಲ್ಲಿ ಎರಡು ಗಂಟೆ ಕಾದ ಮೇಲೆ ದೂರದಲ್ಲಿ ಅವುಗಳ ಬೆನ್ನಿನ ಕಪ್ಪು ಈಜುರೆಕ್ಕೆಗಳು ಕಂಡವು. ಕ್ಯಾಪ್ಟನ್ "ಇವು ಜೆ ಪಾಡ್" (ಒಟ್ಟಿಗೆ ಓಡಾಡುವ ಓರ್ಕಾ ಬಳಗವೊಂದರ ಹೆಸರು) ಅಂತ ಹೇಳಿ ದೋಣಿ ತಿರುಗಿಸಿಬಿಟ್ಟ, ಬಂಡೆ ಮೇಲೆ ಮಲಗಿದ್ದ ಸೀಲ್‌ಗಳನ್ನು ತೋರಿಸಿ ವಾಪಸ್ ಕರೆತಂದ. "ಇದು ಮೋಸ ಅಲ್ವಾ? ಕಾರವಾರದಲ್ಲಿ ಡಾಲ್ಫಿನ್ ಪಕ್ಕಕ್ಕೇ ಕರೆದೊಯ್ದಿದ್ದರು" ಅಂತ ಕೇಳಿದ್ದೀರಿ.

ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೂ ಆ ಕ್ಯಾಪ್ಟನ್ ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ.

ಆ ನೀರಿನಲ್ಲಿ ಮುಖ್ಯವಾಗಿ ಎರಡು ಬಗೆಯ ಓರ್ಕಾಗಳು ಓಡಾಡುತ್ತವೆ. ನಮ್ಮ ಕಣ್ಣಿಗೆ ಎರಡೂ ಒಂದೇ ಥರ, ಊಟ ಮಾತ್ರ ಬೇರೆ. ಬಿಗ್ಸ್ ಓರ್ಕಾಗಳು ಸೀಲ್, ಸೀ ಲಯನ್ ಹಿಡಿದು ತಿನ್ನುತ್ತವೆ, ಅವಕ್ಕೆ ಹೊಟ್ಟೆಗೆ ತೊಂದರೆಯಿಲ್ಲ. ನೀವು ನೋಡಿದ ಜೆ ಪಾಡ್ 'ಸದರ್ನ್ ರೆಸಿಡೆಂಟ್' ಗುಂಪಿನದು. ಅವಕ್ಕೆ ಮೀನೇ ಬೇಕು, ಅದರಲ್ಲೂ ಚಿನೂಕ್ ಸಾಲ್ಮನ್. ನದಿಗಳಿಗೆ ಅಣೆಕಟ್ಟು ಬಂದು ಆ ಮೀನು ಕಡಿಮೆಯಾಗಿದೆ. ಸಾಲದ್ದಕ್ಕೆ 1960-70ರ ದಶಕಗಳಲ್ಲಿ ಇವುಗಳ ಮರಿಗಳನ್ನು ಬಲೆ ಹಾಕಿ ಹಿಡಿದು, ತೊಟ್ಟಿಯಲ್ಲಿಟ್ಟು ಆಟ ಆಡಿಸಲು ಸಾಗಿಸಿದ್ದರು. ಈಗ ಉಳಿದಿರುವುದು 75ರ ಆಸುಪಾಸು, ಅಷ್ಟೇ. 2018ರಲ್ಲಿ ತಹ್ಲೆಕ್ವಾ ಎಂಬ ತಾಯಿ ಓರ್ಕಾ ಸತ್ತ ಮರಿಯನ್ನು ಬಿಡಲಾಗದೆ 17 ದಿನ ಹೊತ್ತು ಈಜಿದಳಲ್ಲ, ಅವಳು ಜೆ ಪಾಡ್‌ನವಳು. ನೀವು ಕಂಡ ರೆಕ್ಕೆಗಳಲ್ಲಿ ಒಂದು ಅವಳದ್ದೇ ಇದ್ದರೂ ಇರಬಹುದು.

ಇನ್ನು ದೋಣಿ ಯಾಕೆ ದೂರ ಇರಬೇಕು ಅನ್ನುವ ಮಾತು. ಓರ್ಕಾ ಮೀನು ಹುಡುಕುವುದು ಕಿವಿಯಿಂದ. ಕ್ಲಿಕ್ ಕ್ಲಿಕ್ ಅಂತ ಸದ್ದು ಬಿಟ್ಟು, ಅದು ಮೀನಿಗೆ ತಾಗಿ ಮರಳಿ ಬರುವುದನ್ನು ಕೇಳಿಸಿಕೊಂಡು ಕತ್ತಲ ನೀರಿನಲ್ಲೂ ಬೆನ್ನಟ್ಟುತ್ತದೆ. ಅಲ್ಲಿಗೆ ಎಂಜಿನ್ ಗುರುಗುಟ್ಟುತ್ತಾ ಹೋದರೆ ಏನಾಗುತ್ತೆ ಹೇಳಿ! ದೋಣಿ 400 ಗಜದೊಳಗೆ ಬಂದರೆ ಹೆಣ್ಣು ಓರ್ಕಾಗಳು ಬೇಟೆಯನ್ನೇ ನಿಲ್ಲಿಸುವುದು ಜಾಸ್ತಿ ಅಂತ ಸಂಶೋಧಕರು ಕಂಡುಕೊಂಡಿದ್ದಾರೆ. ಬಸುರಿಯರು, ಮರಿಗೆ ಹಾಲು ಕೊಡುವವರು ಅವೇ ತಾನೇ? ಅದಕ್ಕೇ 2025ರ ಜನವರಿಯಿಂದ ವಾಷಿಂಗ್ಟನ್ ರಾಜ್ಯದಲ್ಲಿ ಈ ಗುಂಪಿನಿಂದ 1000 ಗಜ ದೂರ ಇರಲೇಬೇಕು ಅಂತ ಕಾನೂನಿದೆ.

ಮತ್ತೆ ಹೋದರೆ ದೋಣಿ ಬಿಡಿ, ಸಾನ್ ಹುವಾನ್ ದ್ವೀಪದ ಲೈಮ್ ಕಿಲ್ನ್ ಪಾಯಿಂಟ್‌ಗೆ ಹೋಗಿ. ಅನಕೋರ್ಟಿಸ್‌ನಿಂದ ಫೆರ್ರಿ ಇದೆ. ಲೈಟ್‌ಹೌಸ್ ಪಕ್ಕದ ಬಂಡೆ ಮೇಲೆ ಬುತ್ತಿ ಬಿಚ್ಚಿ ಸುಮ್ನೆ ಕೂತುಕೊಳ್ಳಿ. ಒಂದು ಬೇಸಿಗೆಯಲ್ಲಿ ನಾನು ಹಾಗೆ ಇಡೀ ದಿನ ಕೂತಿದ್ದೆ. ಸಂಜೆ ನಾಲ್ಕರ ಹೊತ್ತಿಗೆ ಮೊದಲು ಕೇಳಿದ್ದು ಉಸಿರು, ಪ್ರೆಶರ್ ಕುಕ್ಕರ್ ಹಬೆ ಬಿಟ್ಟ ಹಾಗೆ 'ಫೂಸ್' ಅಂತ. ಆಮೇಲೆ ಆಳೆತ್ತರದ ರೆಕ್ಕೆಯೊಂದು ದಡದ ಕಡಲಪಾಚಿಯ ಅಂಚಿನಲ್ಲೇ ಎದ್ದಿತು. ಅದು ತಾನಾಗಿ ಬಂದಿತ್ತು, ತಾನಾಗಿ ಹೋಯಿತು. ಎಷ್ಟೋ ಜನಕ್ಕೆ ದಿನವಿಡೀ ಕಾದರೂ ಕಾಣುವುದಿಲ್ಲ, ಅದೂ ನಿಜ.

ಕಾರವಾರದಲ್ಲೂ ಅಷ್ಟೇ ಟೀಚರ್. ಕಾಳಿ ನದಿ ಸಮುದ್ರ ಸೇರುವ ಕಡೆ ಇರುವ ಗೂನುಬೆನ್ನಿನ ಡಾಲ್ಫಿನ್‌ಗಳೂ ಕಿವಿಯಿಂದಲೇ ಮೀನು ಹುಡುಕುವುದು. ಮುಂದಿನ ಸಲ ಹೋದಾಗ, "ಅಣ್ಣಾ, ಹಿಂದೆ ಓಡಿಸಬೇಡಿ, ಇಲ್ಲೇ ಎಂಜಿನ್ ಆಫ್ ಮಾಡಿ, ಕಾಯೋಣ" ಅಂತ ನೀವೇ ಹೇಳಿ ನೋಡಿ. ಏನಾಯಿತು ಅಂತ ನನಗೆ ಬರೆಯಿರಿ.

– ಸಂ.